ಶಾಲೆ ಬಿಟ್ಟ ಮೇಲಿನ ಹೊತ್ತು ಯಾರ ಹೊಣೆ?

(ಪಟ್ಟಣವೊಂದರಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯ ಸಂಘಟಕರು ನಮಗೆ ಮೊದಲು ಸೂಚಿಸಿದ ವಿಷಯ ‘ಮಕ್ಕಳ ಶಿಕ್ಷಣದಲ್ಲಿ ಪೋಷಕರ ಪಾತ್ರ’ ಎಂಬುದಾಗಿತ್ತು. ಆ ವಿಷಯದ ಮೇಲೆ ನೀವು ಸಾಕಷ್ಟು ಭಾಷಣ ಕೇಳಿದ್ದೀರಿ, ನಾವೂ ಸಾಕಷ್ಟು ಮಾಡಿದ್ದೇವೆ. ಅಂಕ, ಫಲಿತಾಂಶ, ವಿದ್ಯಾರ್ಥಿವೇತನ, ಸಿಇಟಿ ಇವುಗಳ ಸುತ್ತಲೇ ನಮ್ಮ ಮಾತೆಲ್ಲ ತಿರುಗುತ್ತದೆ. ಆದ್ದರಿಂದ ಸಂಘಟಕರ ಅನುಮತಿ ಪಡೆದು ಇಂದು ವಿಷಯವನ್ನು ಸ್ವಲ್ಪ ಸರಿಸಿದ್ದೇವೆ. ಶಾಲೆಯ ಗಂಟೆ ಬಾರಿಸಿದ ಮೇಲೆ, ಅಂದರೆ ಸಂಜೆ ನಾಲ್ಕೂವರೆಯಿಂದ ಮಗ್ರಿಬ್ ಬಾಂಗಿನವರೆಗೆ ನಮ್ಮ ಮಕ್ಕಳು ಎಲ್ಲಿರುತ್ತಾರೆ, ಏನು ಮಾಡುತ್ತಾರೆ, ಆ ಹೊತ್ತಿಗೆ ಹಣ ಕೊಡಬೇಕಾದವರು ಯಾರು ಎಂಬುದಷ್ಟೇ ಇಂದಿನ ನಮ್ಮ ಮಾತು. ಅದರಲ್ಲೂ ಆರು, ಏಳು ಮತ್ತು ಎಂಟನೆಯ ತರಗತಿಯ ಮಕ್ಕಳ ಬಗ್ಗೆ.

ಆ ವಯಸ್ಸನ್ನೇ ಏಕೆ ಆರಿಸಿದ್ದೇವೆಂದರೆ, ಅದು ಯಾರ ಲೆಕ್ಕಕ್ಕೂ ಬಾರದ ವಯಸ್ಸು. ಚಿಕ್ಕ ಮಗುವಿಗೆ ಅಂಗನವಾಡಿ ಇದೆ, ತಾಯಿಯ ಮಡಿಲಿದೆ. ಕಾಲೇಜಿನ ಹುಡುಗನಿಗೆ ಅವನದ್ದೇ ಗೆಳೆಯರ ಬಳಗವಿದೆ, ಕ್ಲಬ್ಬಿದೆ. ಹನ್ನೊಂದರಿಂದ ಹದಿನಾಲ್ಕರ ನಡುವಿನ ಮಗುವನ್ನು ಅಂಗಳದಲ್ಲಿ ಆಡಿಸಲು ಅದು ಒಪ್ಪುವುದಿಲ್ಲ, ಪೇಟೆಗೆ ಬಿಡಲು ನಾವು ಒಪ್ಪುವುದಿಲ್ಲ. ಕಳೆದ ಕೆಲವು ತಿಂಗಳುಗಳಲ್ಲಿ ನಾವು ಕೆಲವರು ಕೂಡಿ ಹಲವು ಮನೆಗಳಿಗೆ ಹೋಗಿ ಈ ಒಂದೇ ಪ್ರಶ್ನೆ ಕೇಳಿದ್ದೆವು. ಬಂದ ಉತ್ತರಗಳು ಮೂರು ನಾಲ್ಕು ಬಗೆಯವು ಮಾತ್ರ. ಟ್ಯೂಶನ್‌ಗೆ ಹೋಗುತ್ತಾನೆ. ಚಿಕ್ಕಪ್ಪನ ಗ್ಯಾರೇಜಿನಲ್ಲಿ ಕುಳಿತಿರುತ್ತಾನೆ. ಮೊಬೈಲ್ ಹಿಡಿದು ಮೂಲೆ ಸೇರಿರುತ್ತಾನೆ. ಹುಡುಗಿಯರ ಬಗ್ಗೆ ಕೇಳಿದರೆ ಉತ್ತರ ಇನ್ನೂ ಚಿಕ್ಕದು: ಮನೆಯಲ್ಲಿರುತ್ತಾಳೆ. ಒಬ್ಬ ತಾಯಿ ಮಾತ್ರ ಸ್ವಲ್ಪ ಯೋಚಿಸಿ, “ನೀವು ಕೇಳಿದ ಮೇಲೆ ನೆನಪಾಯಿತು ನೋಡಿ, ನನ್ನ ಮಗಳು ಓಡಿದ್ದನ್ನು ನಾನು ನೋಡಿ ಎರಡು ವರ್ಷವಾಯಿತು” ಎಂದರು. ಆ ಮಗುವಿಗೆ ಹದಿಮೂರು ವರ್ಷ.

ಈ ಮಾತು ಹೇಳಿದ ಕೂಡಲೇ ಎದುರಾಗುವ ಮೊದಲ ಆಕ್ಷೇಪ ನಮಗೆ ಗೊತ್ತಿದೆ. ಆಟ ಆಡಿಸುವುದು ಮನೆಯವರ ಕೆಲಸವಲ್ಲವೇ, ಅದಕ್ಕೆ ಸರಕಾರವೇಕೆ ಖರ್ಚು ಮಾಡಬೇಕು ಎಂಬುದು ಆ ಆಕ್ಷೇಪ. ಒಂದು ಕಾಲದಲ್ಲಿ ಮಧ್ಯಾಹ್ನದ ಊಟದ ಬಗ್ಗೆಯೂ ಇದೇ ಮಾತನ್ನು ಹೇಳಲಾಗುತ್ತಿತ್ತು. ಮಗುವಿಗೆ ಅನ್ನ ಹಾಕುವುದು ತಂದೆ ತಾಯಿಯ ಕರ್ತವ್ಯ, ಶಾಲೆಯದಲ್ಲ ಎಂದು ವಾದಿಸಿದವರು ಕಡಿಮೆಯಿರಲಿಲ್ಲ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಿಸಿಯೂಟ ನೀಡುವಂತೆ ಆದೇಶಿಸಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು, ಮರು ವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಇಂದು ಅದನ್ನು ದಾನವೆಂದು ಯಾರೂ ಭಾವಿಸುವುದಿಲ್ಲ. ಹಸಿದ ಮಗು ಕಲಿಯದು ಎಂಬುದನ್ನು ನಾವು ಒಪ್ಪಿಕೊಂಡಿದ್ದೇವೆ. ಆಡದ ಮಗುವಿನ ಬಗ್ಗೆ ಇನ್ನೂ ಒಪ್ಪಿಕೊಂಡಿಲ್ಲ, ಅಷ್ಟೇ ವ್ಯತ್ಯಾಸ.

ಶಾಲಾವಧಿಯ ನಂತರದ ಹೊತ್ತಿಗೆ ಸಾರ್ವಜನಿಕ ಹಣ ಕೊಡುವ ಪ್ರಯೋಗ ಬೇರೆ ದೇಶಗಳಲ್ಲಿ ನಡೆದಿದೆ. ಎರಡು ದೇಶಗಳ ಕಥೆಯನ್ನು ನಿಮ್ಮ ಮುಂದಿಡುತ್ತೇವೆ. ಒಂದರಿಂದ ನಾವು ಎಚ್ಚರಿಕೆಯನ್ನೂ ಇನ್ನೊಂದರಿಂದ ಧೈರ್ಯವನ್ನೂ ಪಡೆಯಬಹುದು.

ಮೊದಲನೆಯದು ಅಮೆರಿಕ. ಆ ಹೆಸರೆತ್ತಿದ ಕೂಡಲೇ ಕೆಲವರ ಹುಬ್ಬು ಗಂಟಿಕ್ಕುವುದು ಕಾಣುತ್ತಿದೆ. ಆ ದೇಶದ ಸರಕಾರಗಳೊಂದಿಗೆ ನಮಗಿರುವ ತಕರಾರು ಹಾಗೆಯೇ ಇರಲಿ. ಅಲ್ಲಿನ ಸಾಮಾನ್ಯ ತಂದೆ ತಾಯಿಯ ಸಂಕಟ ನಮ್ಮದಕ್ಕಿಂತ ಭಿನ್ನವಲ್ಲ. ಇಬ್ಬರೂ ದುಡಿಯುತ್ತಾರೆ, ಶಾಲೆ ಮೂರು ಗಂಟೆಗೆ ಬಿಡುತ್ತದೆ, ಹಿರಿಯರು ಮನೆಗೆ ಬರುವಾಗ ಆರು ಕಳೆದಿರುತ್ತದೆ. ಶಾಲಾ ದಿನಗಳಲ್ಲಿ ಹದಿಹರೆಯದವರ ಅಪರಾಧಗಳು ಹೆಚ್ಚು ನಡೆಯುವುದು ಶಾಲೆ ಬಿಟ್ಟ ಕೂಡಲಿನ ಆ ತಾಸುಗಳಲ್ಲೇ ಎಂಬುದನ್ನು 1990ರ ದಶಕದಲ್ಲಿ ಅಲ್ಲಿನ ಪೊಲೀಸ್ ದಾಖಲೆಗಳೇ ತೋರಿಸಿಕೊಟ್ಟವು.

1994ರಲ್ಲಿ ಅಲ್ಲಿನ ಸಂಸತ್ತು ‘ಇಪ್ಪತ್ತೊಂದನೆಯ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು’ ಎಂಬ ಯೋಜನೆಗೆ ಕಾನೂನಿನ ರೂಪ ಕೊಟ್ಟಿತು. ಮೂಲ ಕಲ್ಪನೆ ಸರಳವಾಗಿತ್ತು. ಜನರ ತೆರಿಗೆಯಿಂದ ಕಟ್ಟಿದ ಶಾಲಾ ಕಟ್ಟಡ ಮಧ್ಯಾಹ್ನ ಮೂರಕ್ಕೆ ಬೀಗ ಹಾಕಿಕೊಂಡು ಏಕೆ ನಿಲ್ಲಬೇಕು, ಅದನ್ನು ಊರಿನ ಜನರಿಗಾಗಿ ತೆರೆದಿಡಬಾರದೇ ಎಂಬುದು. ಹಳ್ಳಿಗಾಡಿನ ರಾಜ್ಯವಾದ ವರ್ಮಾಂಟ್‌ನ ಸೆನೆಟರ್ ಜೇಮ್ಸ್ ಜೆಫರ್ಡ್ಸ್ ಇದರ ಹಿಂದಿದ್ದವರಲ್ಲಿ ಪ್ರಮುಖರು. ಕ್ಲಿಂಟನ್ ಅವರ ಆಡಳಿತಕಾಲದಲ್ಲಿ ಇದು ಮಕ್ಕಳ ಸಂಜೆಯ ಕಾರ್ಯಕ್ರಮವಾಗಿ ಬೆಳೆಯಿತು. 1998ರಲ್ಲಿ 4 ಕೋಟಿ ಡಾಲರ್ ಇದ್ದ ಅನುದಾನ 2002ರ ಹೊತ್ತಿಗೆ ಸುಮಾರು 100 ಕೋಟಿ ಡಾಲರ್‌ಗೇರಿತು. ನಾಲ್ಕೇ ವರ್ಷಗಳಲ್ಲಿ ಇಪ್ಪತ್ತೈದು ಪಟ್ಟು!

ಆದರೆ ಹಣ ಹೆಚ್ಚಾಗುತ್ತಾ ಹೋದಂತೆ ಅದರ ಜೊತೆಗೊಂದು ವಾಗ್ದಾನವೂ ಅಂಟಿಕೊಂಡಿತು. ಈ ಕೇಂದ್ರಗಳಿಗೆ ಬಂದರೆ ಮಕ್ಕಳ ಅಂಕ ಹೆಚ್ಚುತ್ತದೆ ಎಂಬ ವಾಗ್ದಾನ. 2002ರ ಹೊಸ ಶಿಕ್ಷಣ ಕಾನೂನು ಅದನ್ನು ಇನ್ನೂ ಬಿಗಿಗೊಳಿಸಿತು. ಓದು ಮತ್ತು ಗಣಿತದ ಸುಧಾರಣೆಯೇ ಗುರಿಯೆಂದಾಯಿತು, ಆಟ ಮತ್ತು ಕಲೆ ಅದರ ಬಾಲಂಗೋಚಿಗಳಾದವು.

ಪರಿಣಾಮ ಏನಾಯಿತೆಂಬುದು ನಾವೆಲ್ಲ ಗಮನಿಸಬೇಕಾದ ಸಂಗತಿ. 2003ರ ಫೆಬ್ರವರಿಯಲ್ಲಿ ಅಲ್ಲಿನ ಶಿಕ್ಷಣ ಇಲಾಖೆಗಾಗಿ ನಡೆಸಲಾದ ದೊಡ್ಡ ಅಧ್ಯಯನವೊಂದರ ಮೊದಲ ವರದಿ ಬಂತು. ಪ್ರಾಥಮಿಕ ಶಾಲೆಯ ಮಕ್ಕಳ ಜೊತೆಗೆ ಮಾಧ್ಯಮಿಕ ಹಂತದ, ಅಂದರೆ ನಾವು ಹೇಳುತ್ತಿರುವ ಇದೇ ಆರು, ಏಳು, ಎಂಟರ ಮಕ್ಕಳನ್ನು ಅದು ಪರಿಶೀಲಿಸಿತ್ತು. ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು: ಮಾಧ್ಯಮಿಕ ಹಂತದ ಮಕ್ಕಳು ಬರುತ್ತಿದ್ದುದೇ ಅಪರೂಪ. ಇಡೀ ಶಾಲಾ ವರ್ಷದಲ್ಲಿ ಸರಾಸರಿ ಮೂವತ್ತು ಚಿಲ್ಲರೆ ದಿನ, ಅಂದರೆ ವಾರಕ್ಕೆ ಒಂದು ದಿನದಷ್ಟು ಮಾತ್ರ.

ಅದೇ ತಿಂಗಳು ಬುಷ್ ಆಡಳಿತ ಈ ವರದಿಯನ್ನು ಕೈಯಲ್ಲಿ ಹಿಡಿದು ಅನುದಾನವನ್ನು 100 ಕೋಟಿಯಿಂದ 60 ಕೋಟಿ ಡಾಲರ್‌ಗೆ ಇಳಿಸುವ ಪ್ರಸ್ತಾಪ ಮಂಡಿಸಿತು. ಮರು ತಿಂಗಳು ಇರಾಕಿನ ಮೇಲೆ ದಾಳಿ ಆರಂಭವಾಯಿತು. ಏಪ್ರಿಲ್‌ನಲ್ಲಿ ಯುದ್ಧಕ್ಕೆಂದು ಮುಖ್ಯವಾಗಿ ಮಂಜೂರಾದ ಪೂರಕ ಅನುದಾನ ಸುಮಾರು 7,800 ಕೋಟಿ ಡಾಲರ್. ಮಕ್ಕಳ ಸಂಜೆಗೆ ಪ್ರಯೋಜನದ ಪುರಾವೆ ಕೇಳಿದವರು ಬಾಂಬಿಗೆ ಯಾವ ಪುರಾವೆ ಕೇಳಿದರೋ ನಮಗೆ ತಿಳಿಯದು. ಇದು ಪ್ರಾಸಂಗಿಕವಾಗಿ ಬಂದ ಮಾತು, ಇಲ್ಲಿಗೇ ಬಿಡೋಣ.

ಆ ಕಡಿತ ಜಾರಿಗೆ ಬರಲಿಲ್ಲ. ಪೋಷಕರು, ಶಿಕ್ಷಕರು, ಪೊಲೀಸ್ ಅಧಿಕಾರಿಗಳು ವಿರೋಧಿಸಿದರು. ಚಿತ್ರನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಸೆನೆಟ್ ಸಮಿತಿಯ ಮುಂದೆ ಬಂದು ಸಾಕ್ಷ್ಯ ನುಡಿದರು. ಸಂಸತ್ತು ಹಣವನ್ನು ಉಳಿಸಿಕೊಂಡಿತು. ಆದರೆ ಆ ಬೆತ್ತ ಮಾತ್ರ ಗೋಡೆಗೆ ನೇತಾಡುತ್ತಲೇ ಇತ್ತು. 2017ರಲ್ಲಿ ಟ್ರಂಪ್ ಆಡಳಿತ ‘ಪ್ರಯೋಜನಕ್ಕೆ ಪುರಾವೆಯಿಲ್ಲ’ ಎಂಬ ಅದೇ ಕಾರಣ ಹೇಳಿ ಇಡೀ ಯೋಜನೆಯನ್ನೇ ಕೈಬಿಡಲು ಹೊರಟಿತು. ಆಗಲೂ ಸಂಸತ್ತು ಒಪ್ಪಲಿಲ್ಲ. 2025ರ ಜುಲೈ ಒಂದರಂದು ರಾಜ್ಯಗಳಿಗೆ ಬಿಡುಗಡೆಯಾಗಬೇಕಿದ್ದ ಹಣವನ್ನು ತಡೆಹಿಡಿಯಲಾಯಿತು. ಎರಡೂ ಪಕ್ಷಗಳ ಸದಸ್ಯರ ಒತ್ತಾಯದ ನಂತರ ಅದೇ ತಿಂಗಳು ಅದನ್ನು ಬಿಡುಗಡೆ ಮಾಡಲಾಯಿತು. ಮೂವತ್ತು ವರ್ಷ ಕಳೆದರೂ ಈ ಮಕ್ಕಳ ಸಂಜೆಯ ಹೊತ್ತು ವರ್ಷ ವರ್ಷವೂ ಕಟಕಟೆಯಲ್ಲಿ ನಿಲ್ಲುತ್ತಲೇ ಇದೆ.

ಇದರಲ್ಲಿ ತಪ್ಪು ಎಲ್ಲಾಯಿತು? ಅಧ್ಯಯನ ಮಾಡಿದವರನ್ನು ದೂರುವುದು ಸುಲಭ. ಅವರಿಗೆ ಒಪ್ಪಿಸಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟರು. ಪ್ರಶ್ನೆಯೇ ಹದ ತಪ್ಪಿತ್ತೆಂದು ನಮ್ಮ ಭಾವನೆ. ಎಂಟು ವರ್ಷದ ಮಗು ನೀವು ಕಳುಹಿಸಿದಲ್ಲಿಗೆ ಹೋಗುತ್ತದೆ. ಹದಿಮೂರರ ಮಗು ಹಾಗಲ್ಲ, ಅದು ತನಗೆ ಬೇಕಾದಲ್ಲಿಗೆ ಹೋಗುತ್ತದೆ. ದಿನವಿಡೀ ಬೆಂಚಿನ ಮೇಲೆ ಕುಳಿತ ಮಗುವಿಗೆ ಸಂಜೆ ಮತ್ತೊಂದು ಬೆಂಚು ತೋರಿಸಿದರೆ ಅದು ಎರಡನೆಯ ದಿನ ಬರುವುದಿಲ್ಲ. ಚೆಂಡು, ತರಬೇತುದಾರ, ನಾಟಕ, ಚಿತ್ರಕಲೆ, ಬಡಗಿ ಕೆಲಸ, ಈಜು ಇವು ಅದನ್ನು ಕರೆತರುತ್ತವೆ. ಆಟವನ್ನು ಅಂಕದ ಹೆಸರಿನಲ್ಲಿ ಬೇಡಿದರೆ ಹಣ ಬೇಗ ಸಿಗಬಹುದು. ಅಂಕ ಬಾರದಿದ್ದಾಗ ಆಟವೂ ಹೋಗುತ್ತದೆ. ಆಟವನ್ನು ಆಟವೆಂದೇ, ಮಗುವಿನ ಆರೋಗ್ಯ, ಸುರಕ್ಷೆ ಮತ್ತು ಸಹವಾಸದ ಅಗತ್ಯವೆಂದೇ ಕೇಳಬೇಕು. ನಾವು ಇಂದು ಹೇಳಬೇಕೆಂದಿದ್ದ ಮುಖ್ಯ ಮಾತು ಇದೇ.

ಅದೇ ದೇಶದ ಕ್ಯಾಲಿಫೋರ್ನಿಯಾ ರಾಜ್ಯ ಇನ್ನೊಂದು ದಾರಿ ಹಿಡಿಯಿತು. 2002ರ ನವೆಂಬರ್‌ನಲ್ಲಿ ಮತದಾರರೇ ನೇರವಾಗಿ ಮತ ಹಾಕಿ ಒಂಬತ್ತನೆಯ ತರಗತಿವರೆಗಿನ ಮಕ್ಕಳ ಸಂಜೆಯ ಕಾರ್ಯಕ್ರಮಕ್ಕೆ ಹಣವನ್ನು ಕಾನೂನಿನಲ್ಲಿ ಕಟ್ಟಿಹಾಕಿದರು. 2006-07ರಿಂದ ವರ್ಷಕ್ಕೆ 55 ಕೋಟಿ ಡಾಲರ್. ಸಂಜೆ ಕನಿಷ್ಠ ಆರು ಗಂಟೆಯವರೆಗೆ ಕೇಂದ್ರ ತೆರೆದಿರಬೇಕು, ಸ್ಥಳೀಯರೂ ತಮ್ಮ ಪಾಲು ಸೇರಿಸಬೇಕು ಎಂಬ ಷರತ್ತುಗಳಿದ್ದವು. 2008ರ ಆರ್ಥಿಕ ಕುಸಿತದ ನಂತರ ಶಾಲೆಗಳ ಎಷ್ಟೋ ಬಾಬತ್ತುಗಳಿಗೆ ಕತ್ತರಿ ಬಿದ್ದಾಗ ಇದನ್ನು ಮುಟ್ಟಲಾಗಲಿಲ್ಲ. ಆದರೆ ಅದಕ್ಕೂ ಒಂದು ಊನವಿತ್ತು. ಒಂದು ಮಗುವಿಗೆ ದಿನಕ್ಕೆ ಏಳೂವರೆ ಡಾಲರ್ ಎಂದು ಗೊತ್ತುಮಾಡಿದ್ದ ದರ 2017ರವರೆಗೂ ಏರಲಿಲ್ಲ. ಬೆಲೆಯೂ ಸಂಬಳವೂ ಏರುತ್ತಿದ್ದ ಕಾಲದಲ್ಲಿ ಹತ್ತು ವರ್ಷ ಒಂದೇ ದರ! ಹಣ ಕಟ್ಟಿಹಾಕಿದರೆ ಸಾಲದು, ಅದು ಬೆಲೆಯ ಜೊತೆ ಬೆಳೆಯುವಂತೆಯೂ ನೋಡಿಕೊಳ್ಳಬೇಕು.

ಇನ್ನು ಐಸ್‌ಲ್ಯಾಂಡ್. ಉತ್ತರ ಧ್ರುವ ವೃತ್ತದ ಸಮೀಪದ ಈ ದ್ವೀಪದ ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ, ನಮ್ಮ ಒಂದೆರಡು ತಾಲೂಕುಗಳ ಜನಸಂಖ್ಯೆಯಷ್ಟು. 1990ರ ದಶಕದಲ್ಲಿ ಅಲ್ಲಿನ ಹದಿಹರೆಯದವರು ಯುರೋಪಿನಲ್ಲೇ ಅತಿ ಹೆಚ್ಚು ಕುಡಿಯುವವರ ಸಾಲಿನಲ್ಲಿದ್ದರು. ವಾರಾಂತ್ಯದ ರಾತ್ರಿ ರಾಜಧಾನಿ ರೇಕ್ಯಾವಿಕ್‌ನ ಬೀದಿಗಳಲ್ಲಿ ಕುಡಿದ ಮಕ್ಕಳ ಗುಂಪುಗಳ ನಡುವೆ ನಡೆಯಲು ಹಿರಿಯರೇ ಅಂಜುತ್ತಿದ್ದರೆಂದು ಅಲ್ಲಿನವರು ನೆನೆಯುತ್ತಾರೆ. 1998ರ ಸಮೀಕ್ಷೆಯಲ್ಲಿ 15-16ರ ವಯಸ್ಸಿನವರಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದವರು ಶೇ. 42. ದಿನವೂ ಸಿಗರೇಟು ಸೇದುವವರು ಶೇ. 23.

ಕುಡಿತದ ವಿರುದ್ಧ ಉಪದೇಶ ಮಾಡುವುದನ್ನು ಅವರು ಹಿಂದೆಯೇ ಮಾಡಿ ನೋಡಿದ್ದರು. ಮಕ್ಕಳು ಕಿವಿಗೊಟ್ಟಿರಲಿಲ್ಲ. (ಪ್ರತಿ ವರ್ಷ ಜೂನ್ 26ರಂದು ಮಾದಕ ದ್ರವ್ಯ ವಿರೋಧಿ ಜಾಥಾ ನಡೆಸಿ ಫೋಟೋ ತೆಗೆಸಿಕೊಳ್ಳುವ ನಮಗೂ ಇದರಲ್ಲಿ ಪಾಠವಿದೆ.) ಆದ್ದರಿಂದ ಅವರು ಬೇರೆ ಪ್ರಶ್ನೆ ಕೇಳಿಕೊಂಡರು: ಕುಡಿಯದ ಮಕ್ಕಳು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ? ಸಮೀಕ್ಷೆಗಳು ತಿಳಿಸಿದ್ದು ಹೀಗೆ. ವಾರದಲ್ಲಿ ಹಲವು ಸಲ ಹಿರಿಯರ ಮೇಲ್ವಿಚಾರಣೆಯಲ್ಲಿ ಕ್ರೀಡೆಯಲ್ಲೋ ಕಲೆಯಲ್ಲೋ ತೊಡಗಿರುತ್ತಾರೆ, ತಂದೆ ತಾಯಿಯೊಂದಿಗೆ ಹೆಚ್ಚು ಹೊತ್ತು ಕಳೆಯುತ್ತಾರೆ, ತಡರಾತ್ರಿ ಹೊರಗಿರುವುದಿಲ್ಲ. ಸರಕಾರ ಮತ್ತು ನಗರಾಡಳಿತ ಕ್ರೀಡಾ ಸಂಘಗಳಿಗೆ, ಸಂಗೀತ ಮತ್ತು ಕಲಾ ಶಾಲೆಗಳಿಗೆ ಹಣ ಹೆಚ್ಚಿಸಿದವು. 2007ರಲ್ಲಿ ರೇಕ್ಯಾವಿಕ್ ನಗರ 6ರಿಂದ 18ರ ವಯಸ್ಸಿನ ಪ್ರತಿಯೊಂದು ಮಗುವಿನ ಹೆಸರಿನಲ್ಲಿ ‘ವಿರಾಮ ಕಾರ್ಡ್’ ಎಂಬ ವಾರ್ಷಿಕ ಮೊತ್ತವನ್ನು ಗೊತ್ತುಪಡಿಸಿತು. ಫುಟ್‌ಬಾಲ್ ಇರಲಿ, ಪಿಟೀಲು ಇರಲಿ, ಮಗು ಆರಿಸಿಕೊಂಡ ತರಗತಿಯ ಶುಲ್ಕಕ್ಕೆ ಆ ಹಣ ಸಲ್ಲುತ್ತದೆ. ಬಡವನ ಮಗುವೂ ಶ್ರೀಮಂತನ ಮಗುವೂ ಒಂದೇ ಅಂಗಣಕ್ಕೆ ಬರುವಂತಾಗಲು ಇದು ದಾರಿ.

2016ರ ಹೊತ್ತಿಗೆ ಆ ಶೇ. 42 ಶೇ. 5ಕ್ಕಿಳಿಯಿತು. ದಿನವೂ ಸೇದುವವರು ಶೇ. 3ಕ್ಕೆ ಬಂದರು. ಇದೆಲ್ಲವೂ ಆಟದ ಮೈದಾನದಿಂದಲೇ ಆಯಿತೆಂದು ನಾವು ಹೇಳಿದರೆ ಅದು ಪ್ರಾಮಾಣಿಕತೆಯಾಗದು. ಮಕ್ಕಳು ರಾತ್ರಿ ಹೊರಗಿರಬಾರದೆಂಬ ಸಮಯ ಮಿತಿಯ ಕಾನೂನು ಅಲ್ಲಿತ್ತು. ಪೋಷಕರು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಸರದಿಯ ಮೇಲೆ ಬೀದಿಗಳಲ್ಲಿ ಸುತ್ತಾಡಿದರು. ಯುರೋಪಿನ ಬೇರೆ ಹಲವು ದೇಶಗಳಲ್ಲೂ ಆ ವರ್ಷಗಳಲ್ಲಿ ಹದಿಹರೆಯದವರ ಕುಡಿತ ಇಳಿಮುಖವಾಗಿತ್ತು. ಆದರೂ ಇಷ್ಟು ದೊಡ್ಡ ಇಳಿತ ಬೇರೆಡೆ ಅಪರೂಪ. ಗಮನಿಸಬೇಕಾದುದೇನೆಂದರೆ, ಅವರು ಅಳೆದದ್ದು ಗಣಿತದ ಅಂಕವನ್ನಲ್ಲ. ಮಗು ಯಾರೊಂದಿಗಿದೆ, ಎಲ್ಲಿದೆ, ಏನು ಸೇವಿಸುತ್ತಿದೆ ಎಂಬುದನ್ನು ಮತ್ತೆ ಮತ್ತೆ ಅಳೆದರು, ಆಯಾ ಶಾಲೆಯ ಫಲಿತಾಂಶವನ್ನು ಆಯಾ ಶಾಲೆಗೇ ಕೊಟ್ಟರು. ಯಾವ ಉದ್ದೇಶಕ್ಕೆ ಹಣ ಕೇಳಿದ್ದರೋ ಅದೇ ಉದ್ದೇಶದ ಲೆಕ್ಕವನ್ನು ಜನರ ಮುಂದಿಟ್ಟರು.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿ. ಪ್ರತಿಯೊಂದು ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಗ್ರಿ ಮತ್ತು ಕ್ರೀಡೋಪಕರಣಗಳಿರಬೇಕು. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣ ಇವುಗಳಿಗೆ ಅರೆಕಾಲಿಕ ಬೋಧಕರು ಇರಬೇಕು. ಕಾನೂನು ಬರೆದವರಿಗೆ ಈ ವಯಸ್ಸಿನ ಮಗುವಿನ ಅಗತ್ಯ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಿಮ್ಮ ಮಗುವಿನ ಶಾಲೆಯಲ್ಲಿ ಈ ಮೂವರು ಇದ್ದಾರೆಯೇ ಎಂದು ಕೇಳಿ ನೋಡಿದ್ದೀರಾ? ನಾವು ಕೂಡ ಇತ್ತೀಚಿನವರೆಗೆ ಕೇಳಿರಲಿಲ್ಲ, ಮುಚ್ಚಿಡುವುದೇನು!

ಹಣದ ಮಾತಿಗೆ ಬಂದರೆ, 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಅನುದಾನವೆಂಬ ಬಾಬತ್ತಿದೆ. ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಎಂದು ಆಗ ನಿಗದಿಯಾಯಿತು. ಇನ್ನೂರು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಯನ್ನು ತೆಗೆದುಕೊಳ್ಳಿ. ಒಂದು ಮಗುವಿಗೆ ವರ್ಷಕ್ಕೆ 50 ರೂಪಾಯಿ. ಚೆಂಡು, ಬಲೆ, ಹಗ್ಗ ಕೊಳ್ಳಲು ಇದು ಸಾಕಾದೀತು. ಸಂಜೆ ಎರಡು ತಾಸು ನಿಂತು ಆಡಿಸುವ ಮನುಷ್ಯನಿಗೆ ಕೊಡಲು ಇದರಲ್ಲಿ ಏನೂ ಉಳಿಯದು. ನಮ್ಮ ಕೊರತೆ ಇರುವುದು ಅಲ್ಲೇ. ಚೆಂಡು ಬೀರುವಿನಲ್ಲಿದೆ, ಆಡಿಸುವವರಿಲ್ಲ. ಆದ್ದರಿಂದ ನಾಲ್ಕೂವರೆಗೆ ಗೇಟಿಗೆ ಬೀಗ ಬೀಳುತ್ತದೆ.

ಮುಖ್ಯೋಪಾಧ್ಯಾಯರನ್ನು ನಾವು ದೂರುತ್ತಿಲ್ಲ. ಒಬ್ಬರೊಂದಿಗೆ ಈ ಬಗ್ಗೆ ಮಾತನಾಡಿದಾಗ ಅವರು, “ಸಾರ್, ಗೇಟು ತೆರೆದಿಟ್ಟು ಮಗುವಿನ ಕೈ ಮುರಿದರೆ ನಾಳೆ ಪತ್ರಿಕೆಯಲ್ಲಿ ಬರುವುದು ನನ್ನ ಹೆಸರು” ಎಂದರು. ಅವರ ಮಾತು ನ್ಯಾಯವಾದದ್ದೇ. ಹೊಣೆ ಹೊರುವ ವ್ಯಕ್ತಿಗೆ ಸಂಬಳವಿಲ್ಲದೆ, ಅಧಿಕಾರ ಪತ್ರವಿಲ್ಲದೆ, ಗೇಟು ತೆರೆಯಿರಿ ಎಂದು ಹೇಳುವುದು ಸುಲಭದ ಉದಾರತೆ.

ಊರಿನ ಪೌರಾಡಳಿತದ ಬಳಿಯೂ ದಾರಿಗಳಿವೆ. ನೀವು ಕಟ್ಟುವ ಆಸ್ತಿ ತೆರಿಗೆಯ ರಶೀದಿಯನ್ನು ಮನೆಗೆ ಹೋಗಿ ತೆಗೆದು ನೋಡಿ. ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವಿದೆ. ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆ ಅದಕ್ಕೆ 120 ರೂಪಾಯಿ ಸೇರಿಸಿ ಕಟ್ಟುತ್ತಿದೆ. 1965ರ ಗ್ರಂಥಾಲಯ ಕಾಯ್ದೆಯ ಕಾಲದಿಂದ ಬಂದ ವ್ಯವಸ್ಥೆ ಇದು. ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಪೂರ್ತಿಯಾಗಿ ಸಲ್ಲಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ಎಷ್ಟೋ ವರ್ಷಗಳಿಂದ ಇದೆ. ಸಂಜೆ ಮಕ್ಕಳಿಗಾಗಿ ಒಂದು ಕೋಣೆ, ಕೇರಂ, ಚದುರಂಗ, ಚಿತ್ರ ಬಿಡಿಸುವ ಕಾಗದ, ಕಥೆ ಓದಿ ಹೇಳುವ ಒಬ್ಬ ವ್ಯಕ್ತಿ ಇವಿಷ್ಟು ನಗರದ ಗ್ರಂಥಾಲಯದಲ್ಲಿ ದೊರೆತರೆ, ಮೈದಾನಕ್ಕೆ ಬರಲು ಹಿಂಜರಿಯುವ ಮಗುವಿಗೂ ಒಂದು ನೆಲೆಯಾಗುತ್ತದೆ. ಮೈದಾನಗಳ ವಿಷಯದಲ್ಲಿಯೂ 1985ರಿಂದ ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲು ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕಾಯ್ದೆಯಿದೆ. ಆದರೂ ನಮ್ಮ ಬಾಲ್ಯದ ಬಯಲುಗಳು ಎಲ್ಲಿ ಹೋದವೆಂದು ಇಲ್ಲಿನ ಹಿರಿಯರನ್ನು ಕೇಳಿದರೆ ಪಟ್ಟಿಯನ್ನೇ ಕೊಟ್ಟಾರು.

ನಮ್ಮವರಲ್ಲಿ ಕೆಲವರು ಇನ್ನೊಂದು ಸಲಹೆ ನೀಡುತ್ತಾರೆ. ಸರಕಾರದ ಬಾಗಿಲು ತಟ್ಟುವುದೇಕೆ, ನಮ್ಮ ಜಮಾಅತಿನ ವತಿಯಿಂದಲೇ ನಮ್ಮ ಮಕ್ಕಳಿಗೊಂದು ಮೈದಾನ ಮಾಡೋಣ, ವಿದೇಶದಲ್ಲಿರುವ ಸಹೋದರರು ನೆರವಾಗುತ್ತಾರೆ ಎಂದು. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ, ಆದರೆ ಸಲಹೆಯನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ನಾವು ಕಟ್ಟಿದ ತೆರಿಗೆ ನಮ್ಮ ಮಕ್ಕಳಿಗೆ ಮರಳಿ ಬರಬೇಕು, ಅದನ್ನು ಬಿಟ್ಟುಕೊಡುವ ಅಧಿಕಾರ ನಮಗಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯವಾದುದು. ನಮ್ಮ ಊರುಗಳಲ್ಲಿ ಈಗಾಗಲೇ ಬಡಾವಣೆಗಳು ಬೇರೆಯಾಗಿವೆ, ಅಂಗಡಿಗಳು ಬೇರೆಯಾಗುತ್ತಿವೆ, ಶಾಲೆಗಳೂ ಬೇರೆಯಾಗುತ್ತಿವೆ. ಪಕ್ಕದ ಕೇರಿಯ ಮಗುವಿನ ಹೆಸರು ನಮ್ಮ ಮಗುವಿಗೆ ಗೊತ್ತಿಲ್ಲದಿದ್ದರೆ ಆ ಮಗುವಿನ ಬಗ್ಗೆ ಮೊಬೈಲ್‌ನಲ್ಲಿ ಬಂದದ್ದೇ ಸತ್ಯವಾಗುತ್ತದೆ. ಆ ಮಗುವಿಗೆ ನಮ್ಮ ಮಗುವಿನ ವಿಷಯದಲ್ಲೂ ಹಾಗೆಯೇ. ಹನ್ನೆರಡರ ವಯಸ್ಸಿನಲ್ಲಿ ಒಂದೇ ತಂಡದಲ್ಲಿ ಆಡಿ ಸೋತವರಿಗೆ ಇಪ್ಪತ್ತರಲ್ಲಿ ಒಬ್ಬರ ಮೇಲೊಬ್ಬರು ಕಲ್ಲೆತ್ತಲು ಕೈ ಅಷ್ಟು ಸುಲಭವಾಗಿ ಏಳುವುದಿಲ್ಲವೆಂದು ನಾವು ನಂಬಿದ್ದೇವೆ. ಅದಕ್ಕಾಗಿ ಸಾರ್ವಜನಿಕ ಅಂಗಣವೇ ಬೇಕು.

ಹೆಣ್ಣುಮಕ್ಕಳ ವಿಷಯವನ್ನು ಕೊನೆಗೆ ಉಳಿಸಿಕೊಂಡದ್ದು ಅದು ಚಿಕ್ಕದೆಂಬ ಕಾರಣಕ್ಕಲ್ಲ. ಆರನೆಯ ತರಗತಿಯವರೆಗೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ ಏಳನೆಯದರ ಹೊತ್ತಿಗೆ ಒಲೆಯ ಮುಂದೆಯೋ ತಮ್ಮನ ತೊಟ್ಟಿಲ ಬಳಿಯೋ ಬೀಡಿಯ ಮೊರದ ಮುಂದೆಯೋ ಕುಳಿತಿರುತ್ತಾಳೆ. ಸುರಕ್ಷೆಯ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆ ಪರಿಹಾರ ಅವಳನ್ನು ಒಳಗೆ ಕೂರಿಸುವುದಾಗಬಾರದು. ಶಾಲೆಯ ಕಾಂಪೌಂಡಿನ ಒಳಗೆ, ಮಹಿಳಾ ತರಬೇತುದಾರರೊಂದಿಗೆ, ಬಳಸಲು ಯೋಗ್ಯವಾದ ಶೌಚಾಲಯವಿದ್ದು, ಕತ್ತಲಾಗುವ ಮುನ್ನ ಮನೆ ಸೇರುವಂತೆ ವ್ಯವಸ್ಥೆ ಮಾಡಿದರೆ ಕಳುಹಿಸುತ್ತೀರಾ ಎಂದು ನಾವು ಹೋದ ಮನೆಗಳಲ್ಲಿ ಕೇಳಿದೆವು. ಬೇಡವೆಂದವರು ತೀರಾ ಕಡಿಮೆ. ಕೆಲವೆಡೆ ತಂದೆ ಸುಮ್ಮನಾದರು, ತಾಯಿ ಹೌದೆಂದರು. ಮಗು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿತ್ತು. ಸಂಜೆಯ ಮದ್ರಸದ ಹೊತ್ತಿನೊಂದಿಗೆ ತಾಕಲಾಟವಾಗದೇ ಎಂದು ಕೆಲವರು ಕೇಳಿದರು. ಇದು ಸಹಜವಾದ ಪ್ರಶ್ನೆ. ಮದ್ರಸದ ಸಮಿತಿಯವರೊಂದಿಗೆ ಕುಳಿತು ವಾರದಲ್ಲಿ ಮೂರು ದಿನ ಹೊತ್ತನ್ನು ಅರ್ಧ ತಾಸು ಅತ್ತಿತ್ತ ಮಾಡಿಕೊಂಡರೆ ತೀರುವ ತೊಡಕು ಅದು.

ಇನ್ನು ಮಾಡಬೇಕಾದ ಕೆಲಸ. ನಗರಸಭೆ, ಪುರಸಭೆಗಳು ಬಜೆಟ್‌ಗೆ ಮುನ್ನ ಸಾರ್ವಜನಿಕರ ಸಲಹೆಗೆಂದು ಪೂರ್ವಭಾವಿ ಸಭೆ ಕರೆಯುತ್ತವೆ. ಬೀದಿದೀಪ, ಚರಂಡಿ, ಕಸದ ಬಗ್ಗೆ ಮಾತನಾಡುವವರು ಅಲ್ಲಿಗೆ ಬರುತ್ತಾರೆ. ಮಕ್ಕಳ ಸಂಜೆಯ ಬಗ್ಗೆ ಮಾತನಾಡಿದವರನ್ನು ನಾವು ಇದುವರೆಗೆ ಅಲ್ಲಿ ಕಂಡಿಲ್ಲ. ನಾವೂ ಮಾತನಾಡಿರಲಿಲ್ಲ. ಈ ಸಲ ಹೋಗೋಣ, ಪಕ್ಕದ ಕೇರಿಯವರನ್ನೂ ಕರೆದುಕೊಂಡು ಹೋಗೋಣ. ಇಡೀ ಊರಿಗೆ ಒಮ್ಮೆಲೇ ಕೇಳುವುದು ಬೇಡ. ಎರಡು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳು, ವಾರಕ್ಕೆ ಐದು ಸಂಜೆ, ಒಂದೊಂದು ಶಾಲೆಗೆ ಗೌರವಧನ ಪಡೆಯುವ ಇಬ್ಬರು ತರಬೇತುದಾರರು, ಅವರಲ್ಲೊಬ್ಬರು ಮಹಿಳೆ. ಒಂದು ವರ್ಷ ನಡೆಯಲಿ. ಎಷ್ಟು ಮಕ್ಕಳು ಬಂದರು, ಎಷ್ಟು ದಿನ ಬಂದರು, ಅವರಲ್ಲಿ ಹುಡುಗಿಯರೆಷ್ಟು ಎಂಬ ಲೆಕ್ಕವನ್ನು ನಾವೇ ಬರೆದಿಟ್ಟು ಮರು ವರ್ಷದ ಸಭೆಯಲ್ಲಿ ಓದೋಣ. ಅಂಕ ಹೆಚ್ಚಿತೇ ಎಂದು ಯಾರಾದರೂ ಕೇಳಿದರೆ, ಅದಕ್ಕಾಗಿ ನಾವು ಹಣ ಕೇಳಿರಲಿಲ್ಲ ಎಂದು ವಿನಯದಿಂದ ಹೇಳೋಣ.

ಅದಕ್ಕೂ ಮೊದಲು ನಮ್ಮ ಕೈಯಲ್ಲೇ ಇರುವ ಒಂದು ಕೆಲಸವಿದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಈ ಸಭಾಂಗಣದಲ್ಲಿ ಎಸ್‌ಡಿಎಂಸಿ ಸದಸ್ಯರು ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ. ಹಿಂದಿನ ಸಾಲಿನ ಸಹೋದರಿಯರೂ ಎತ್ತಬೇಕು. ಸರಿ. ಮುಂದಿನ ತಿಂಗಳ ನಿಮ್ಮ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಈ ವರ್ಷದ ಕ್ರೀಡಾ ಅನುದಾನದಲ್ಲಿ ಏನೇನು ಕೊಂಡಿರಿ, ಮತ್ತು ನಾಲ್ಕೂವರೆಯ ನಂತರ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ. ಬಂದ ಉತ್ತರವನ್ನು ಬರೆದುಕೊಂಡು ನಮಗೆ ತಿಳಿಸಿ. ಬಜೆಟ್ ಸಭೆಗೆ ಹೋಗುವಾಗ ನಮ್ಮ ಮನವಿ ಪತ್ರದ ಮೊದಲ ಪುಟಕ್ಕೆ ಅದೇ ಬೇಕಾಗಿದೆ.